ಮನೆಯೊಳಗಿನ ಮೆಸೇಜಿಗೆ ಬೀಬೀಪ್ ಬೇಕಾ, ಲೋಕಲ್‌ಸೆಂಡ್ ಬೇಕಾ?

ಹುಬ್ಬಳ್ಳಿ ವಿದ್ಯಾನಗರದಲ್ಲಿ ಕೆಳಗೆ ಆಫೀಸು, ಮೇಲೆ ಮನೆ, ಒಂದೇ ರೂಟರ್ ಅಂದುಕೊಳ್ಳಿ. ‘ಊಟಕ್ಕ ಬರ್ರಿ’ ಅನ್ನೋಕೆ ವಾಟ್ಸಾಪ್ ಯಾಕೆ? ಮಳೆಗೆ ಇಂಟರ್ನೆಟ್ ಹೋದರೂ ರೂಟರ್‌ಗೆ ಕರೆಂಟ್ ಇದ್ದರೆ ಸಾಕು, ಬೀಬೀಪ್ (BeeBEEP), ಲೋಕಲ್‌ಸೆಂಡ್ (LocalSend) ಥರದ ಆ್ಯಪ್‌ಗಳಲ್ಲಿ ಮನೆಯೊಳಗಿನ ಮೆಸೇಜ್ ನಿಲ್ಲುವುದಿಲ್ಲ.

ಇನ್ನೊಂದು ಕಂಪ್ಯೂಟರ್‌ಗೆ ಮೆಸೇಜ್ ಕಳಿಸೋಕೆ ವಿಂಡೋಸ್‌ನಲ್ಲೇ ಎಂಎಸ್‌ಜಿ (msg) ಅನ್ನೋ ಕಮಾಂಡ್ ಇದೆ. ಆದರೆ ಹೋಮ್ ಆವೃತ್ತಿಯಲ್ಲಿ ಸಿಗಲ್ಲ, ಬಂದ ಮೆಸೇಜಿಗೆ ಅಲ್ಲೇ ಉತ್ತರ ಬರೆಯೋಕೂ ಆಗಲ್ಲ. ಅದನ್ನು ಬಿಟ್ಟುಬಿಡಿ.

ಬೀಬೀಪ್ ನಿಜವಾದ ಚಾಟ್. ಮೆಸೇಜ್ ದಾಟಿಸೋಕೆ ನಡುವೆ ಬೇರೆ ಕಂಪ್ಯೂಟರ್ (ಸರ್ವರ್) ಬೇಡ. ಎರಡೂ ಕಡೆ ತೆರೆದಿಟ್ಟರೆ ಕಂಪ್ಯೂಟರ್‌ಗಳು ಒಂದನ್ನೊಂದು ಹುಡುಕಿಕೊಳ್ಳುತ್ತವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ದಿನವಿಡೀ ಮಾತುಕತೆ ನಡೆಯೋ ಮನೆಗೆ ನಾನು ಇದನ್ನೇ ಹೇಳುತ್ತೇನೆ.

ಲೋಕಲ್‌ಸೆಂಡ್ ಬೇರೆ ಥರ. ಮುಖ್ಯವಾಗಿ ಫೈಲ್ ಕಳಿಸೋಕೆ ಮಾಡಿದ್ದು, ಮೆಸೇಜ್ ಕೂಡ ಹೋಗುತ್ತದೆ. ಆದರೆ ಚಾಟ್‌ನಂತೆ ಹಿಂದಿನ ಮಾತು ಸಾಲಾಗಿ ಕಾಣಲ್ಲ. ಇದರ ದೊಡ್ಡ ಅನುಕೂಲ ಫೋನು: ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ನಡೆಯುತ್ತದೆ. ಅಜ್ಜಿಯ ಫೋನಿನ ಫೋಟೋ ಕಂಪ್ಯೂಟರ್‌ಗೆ ಬರಬೇಕಾದರೆ ಇದೇ ಸರಿ.

ಎರಡೂ ಉಚಿತ. ಯಾವುದು ಹಾಕಿದರೂ ಇನ್ನೊಂದು ಕಂಪ್ಯೂಟರ್ ಕಾಣದಿದ್ದರೆ ಹೊರಗಿನ ಸಂಪರ್ಕ ತಡೆಯೋ ಫೈರ್‌ವಾಲ್ ಸೆಟ್ಟಿಂಗ್ ಮೊದಲು ನೋಡಿ. ಲೋಕಲ್‌ಸೆಂಡ್‌ಗೆ ಅದರಲ್ಲಿ 53317 ಪೋರ್ಟ್ (ಆ್ಯಪ್ ಬಳಸೋ ದಾರಿಯ ನಂಬರ್) ತೆರೆದಿರಬೇಕು. ಕಂಪ್ಯೂಟರನ್ನು ರೂಟರ್‌ನ ಗೆಸ್ಟ್ ವೈಫೈಗೆ (ಅತಿಥಿಗಳಿಗೆ ಅಂತ ಬೇರೆ ಇಟ್ಟ ವೈಫೈ) ಸೇರಿಸಿದ್ದರೆ ಮೇನ್ ವೈಫೈಗೆ ಬದಲಿಸಿ.