ಜೂನ್ 31ಕ್ಕೂ 4 ಡಿಗ್ರಿ

ಹೋಟೆಲ್‌ಗೆ, ಮಿಕ್ಸಿಗೆ ರಿವ್ಯೂ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಬಗ್ಗೆ, ಅಂದರೆ ಸರ್ಕಾರದ ಖರ್ಚಿನ ಮೇಲೆ ಮಹಾಲೇಖಪಾಲರು (ಸಿಎಜಿ) ಕೊಡುವ ಆಡಿಟ್ ವರದಿ ಹಿಡಿದು ಅಧಿಕಾರಿಗಳನ್ನು ಪ್ರಶ್ನಿಸುವ ಸಂಸದರ ಸಮಿತಿ. ನಮ್ಮ ತೆರಿಗೆ ದುಡ್ಡಲ್ಲಿ ನಡೆಯುತ್ತದೆ, ಅದೂ ಒಂದು ಸೇವೆಯೇ ಅಲ್ವಾ? ಕೇಂದ್ರ ಸರ್ಕಾರದ ಒಂದು ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಫಾರ್ಮಸಿಸ್ಟ್ ಆಗಿದ್ದು ರಿಟೈರ್ ಆದವನು ನಾನು. ಈ ಸಮಿತಿಯ ಪ್ರಶ್ನೆಗಳು ಕೊನೆಗೆ ಬಂದು ಬೀಳುವುದು ನನ್ನಂಥವರ ಮೇಜಿನ ಮೇಲೆ.

ಶುರುವಾಗುವುದು ಆಡಿಟ್‌ನಿಂದ. ನಮ್ಮಲ್ಲಿಗೆ ಬಂದಿದ್ದ ಆಡಿಟರ್ ಸಣ್ಣ ದನಿಯವರು. ಸ್ಟಾಕ್ ರಿಜಿಸ್ಟರ್ ಕೇಳಲೇ ಇಲ್ಲ, ನೇರ ಲಸಿಕೆ ಫ್ರಿಜ್ ಮುಂದೆ ಹೋಗಿ ನಿಂತರು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬೆಳಿಗ್ಗೆ ಸಂಜೆ ನೋಡಿ ಬರೆಯಬೇಕು. ಬಾಗಿಲಿಗೆ ತೂಗುಹಾಕಿದ್ದ ಹಾಳೆಯಲ್ಲಿ ಎಲ್ಲ ಮನೆಗಳಲ್ಲೂ 4. ಭಾನುವಾರ 4, ಇಡೀ ದಿನ ಕರೆಂಟ್ ಇಲ್ಲದ ದಿನವೂ 4. ಅವರು ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಹೋಗಿ ಕೊನೆಯಲ್ಲಿ ನಿಂತರು.

"ಸರ್, ಜೂನ್‌ಗೆ ಎಷ್ಟು ದಿನ?"

ಅಚ್ಚು ಹಾಕಿಸಿದ ಹಾಳೆಯಲ್ಲಿ 31 ಸಾಲು ಇರುತ್ತವೆ. ನಮ್ಮ ಹುಡುಗ ಪಾಪ, 31ನ್ನೂ ತುಂಬಿದ್ದ. ಕೆಳಗೆ ಸಹಿ ನನ್ನದು. ಆಗ ಉಗ್ರಾಣದಲ್ಲಿ ಎರಡು ಹುದ್ದೆ ಖಾಲಿ ಇದ್ದವು, ಮೂರು ಜನರ ಕೆಲಸ ನನ್ನೊಬ್ಬನ ತಲೆ ಮೇಲೆ. ಹಾಗಂತ ನೋಡದೆ ಸಹಿ ಹಾಕಿದ್ದು ಸರಿಯಾಗುವುದಿಲ್ಲ.

ಅವರು ಬೈಯಲಿಲ್ಲ. ಜೆರಾಕ್ಸ್ ತೆಗೆದುಕೊಂಡು ಮೆಮೊ ಕೊಟ್ಟರು. ನಾವು "ಗಮನಿಸಲಾಗಿದೆ, ಸೂಕ್ತ ಸೂಚನೆ ನೀಡಲಾಗಿದೆ" ಎಂದು ಬರೆದು ಕೈತೊಳೆದುಕೊಂಡೆವು. ಅದು ಸಿಎಜಿ ವರದಿಯಲ್ಲಿ ಎರಡು ಸಾಲಾಗಿ ಉಳಿಯಿತು. ಈ ಭಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ. ನನ್ನ ಮಾನ ಹೋದರೂ ಸರಿ.

ಎಡವುವುದು ಇಲ್ಲಿಂದ ಮುಂದೆ. ಸಂವಿಧಾನದ 151ನೇ ವಿಧಿಯ ಪ್ರಕಾರ ವರದಿಯನ್ನು ಸಂಸತ್ತಿನಲ್ಲಿ ಮಂಡಿಸಲೇಬೇಕು. ಎಷ್ಟು ದಿನದೊಳಗೆ ಅಂತ ಮಾತ್ರ ಅಲ್ಲಿ ಹೇಳಿಲ್ಲ. ಮಂಡನೆಯಾದ ವರದಿಗಳಲ್ಲಿ ಸಮಿತಿ ಕೆಲವನ್ನು ಮಾತ್ರ ಆರಿಸಿಕೊಳ್ಳುತ್ತದೆ. ನಮ್ಮದು ಆಯ್ಕೆಯಾಗಿ ಪ್ರಶ್ನಾವಳಿ ಕೈಗೆ ಬರುವಷ್ಟರಲ್ಲಿ ಆ ಹುಡುಗ ಬೇರೆ ಕೆಲಸಕ್ಕೆ ಸೇರಿದ್ದ, ನಾನು ಪೆನ್ಶನ್ ಕಾಗದ ತುಂಬುತ್ತಿದ್ದೆ.

ಸಮಿತಿಯ ರಚನೆ ಚೆನ್ನಾಗಿದೆ. 22 ಸದಸ್ಯರು, 15 ಜನ ಲೋಕಸಭೆಯವರು, 7 ಜನ ರಾಜ್ಯಸಭೆಯವರು. ಮಂತ್ರಿಗಳಿಗೆ ಜಾಗವಿಲ್ಲ. 1967ರಿಂದ ಅಧ್ಯಕ್ಷರು ವಿರೋಧಪಕ್ಷದವರು. ಆದರೆ ಅವಧಿ ಒಂದೇ ವರ್ಷ! ಆಸ್ಪತ್ರೆಯ ಇಂಡೆಂಟು (ಬೇಡಿಕೆ ಪಟ್ಟಿ), ಟೆಂಡರು ತಲೆಗೆ ಹತ್ತುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಇನ್ನೊಂದು ದೂರು. ಸಭೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಬ್ರಿಟನ್‌ನಲ್ಲಿ 1861ರಲ್ಲಿ ಶುರುವಾದ ಇಂಥದ್ದೇ ಸಮಿತಿಯಿದೆ. ಅಲ್ಲಿ ಅಧಿಕಾರಿಗಳನ್ನು ಪ್ರಶ್ನಿಸುವುದನ್ನು ಮನೆಯಲ್ಲೇ ಕೂತು ನೋಡಬಹುದು. ನಮ್ಮದಕ್ಕೂ 1921ರಿಂದ ಇತಿಹಾಸವಿದೆ. ನಮ್ಮ ಸಚಿವಾಲಯದ ಕಾರ್ಯದರ್ಶಿಗಳು ಸಮಿತಿಯ ಮುಂದೆ ಏನು ಹೇಳಿದರು ಅಂತ ನಾನು ತಿಳಿದುಕೊಂಡಿದ್ದು ಅಚ್ಚಾದ ವರದಿಯಿಂದಲೇ.

ಪ್ರಶ್ನೆಗಳು ಮಾತ್ರ ಚೆನ್ನಾಗಿದ್ದವು. ತಪ್ಪು ಯಾಕಾಯಿತು ಅಂತ ಕೇಳಿ ಬಿಟ್ಟಿರಲಿಲ್ಲ. ಈಗ ಉಷ್ಣತೆ ನೋಡುವವರು ಯಾರು? ರಜೆ ದಿನ ಯಾರು? ಖಾಲಿ ಹುದ್ದೆ ಯಾವ ತಾರೀಖಿಗೆ ತುಂಬುತ್ತೀರಿ? ತಾರೀಖು ಕೇಳಿದಾಗ "ಸೂಕ್ತ ಸೂಚನೆ" ಅಂತ ಬರೆಯಲು ಆಗುವುದಿಲ್ಲ. ಸಚಿವಾಲಯದಿಂದ ದಿನಕ್ಕೆ ನಾಲ್ಕು ಫೋನ್. ವರ್ಷಗಟ್ಟಲೆ ಬಾರದ ಲಾಗರ್, ಅಂದರೆ ತಾನೇ ಉಷ್ಣತೆ ದಾಖಲಿಸಿ ಹೆಚ್ಚುಕಡಿಮೆಯಾದರೆ ಕೂಗುವ ಯಂತ್ರ, ಕಾರ್ಯದರ್ಶಿಗಳು ಸಾಕ್ಷ್ಯ ಹೇಳಲು ಹೋಗುವ ಮೊದಲೇ ಬಂದು ಫ್ರಿಜ್‌ಗೆ ಅಂಟಿಕೊಂಡಿತ್ತು.

ಓದುವವರಿಗೆ ಒಂದು ಮಾತು. ಸಮಿತಿಯ ಮೂಲ ವರದಿ ದಪ್ಪ ಇರುತ್ತದೆ, ಸುಮ್ನೆ ಸುಸ್ತಾಗಬೇಡಿ. ಅದರ ನಂತರ ಬರುವ 'ಕೈಗೊಂಡ ಕ್ರಮ'ದ ವರದಿ ಹುಡುಕಿ. ಸರ್ಕಾರದ ಉತ್ತರಗಳನ್ನು ಅದರಲ್ಲಿ ನಾಲ್ಕು ಗುಂಪು ಮಾಡಿರುತ್ತಾರೆ: ಸರ್ಕಾರ ಒಪ್ಪಿಕೊಂಡ ಶಿಫಾರಸುಗಳು, ಉತ್ತರ ನೋಡಿ ಸಮಿತಿ ಕೈಬಿಟ್ಟವು, ಉತ್ತರ ಒಪ್ಪದೆ ಮತ್ತೆ ಒತ್ತಿ ಹೇಳಿದವು, ಮಧ್ಯಂತರ ಉತ್ತರ ಮಾತ್ರ ಬಂದವು. ಕೊನೆಯ ಎರಡನ್ನು ಮೊದಲು ಓದಿ. ಅಸಲಿ ವಿಷಯ ಇರುವುದೇ ಅಲ್ಲಿ.

ಒಟ್ಟಾರೆ ಐದಕ್ಕೆ ಮೂರು. ಲಾಗರ್ ಮೊದಲನೇ ಗುಂಪಿನಲ್ಲಿದೆ. ರಾತ್ರಿ ಅದು ಕೂಗಿದರೆ ಓಡಿಬರಬೇಕಾದ ಆ ಎರಡು ಹುದ್ದೆಗಳು ನಾಲ್ಕನೆಯದರಲ್ಲಿವೆ.