ಗೇಮ್ ಡೆವಲಪ್‌ಮೆಂಟ್ ಪದವಿ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬರೀ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಕಲಿಯುವುದಕ್ಕಾಗಿ ಗೇಮ್ ಡೆವಲಪ್‌ಮೆಂಟ್ ಪದವಿಗೆ ಸೇರುವುದು ದಂಡ. ಯೂನಿಟಿ, ಅನ್‌ರಿಯಲ್, ಗೊಡಾಟ್ ಮೂರನ್ನೂ ಕಲಿಯುವವರು ದುಡ್ಡು ಕೊಡದೆ ಇಳಿಸಿಕೊಳ್ಳಬಹುದು, ಪಾಠಗಳೂ ಪುಕ್ಕಟೆ ಸಿಗುತ್ತವೆ. ಮನೆಯಲ್ಲಿ ಒಬ್ಬರೇ ಕೂತು ಕಲಿಯಲು ಕಷ್ಟವಾಗುವ ಸಂಗತಿಗಳು ಎರಡು: ಎಂಜಿನ್ನಿನ ಒಳಗೆ ನಡೆಯುವ ಗಣಿತ, ಮತ್ತು ತಂಡ ಕಟ್ಟಿಕೊಂಡು ಒಂದು ಆಟವನ್ನು ಮುಗಿಸುವ ಅಭ್ಯಾಸ. ಈ ಎರಡನ್ನೂ ಕೊಡುವ ಕೋರ್ಸ್ ಒಳ್ಳೆಯದು.

ಹೆಸರು ನೋಡಿ ಸೇರಬೇಡಿ, ಪಠ್ಯಕ್ರಮ ತರಿಸಿಕೊಂಡು ಓದಿ. ಸಿ++, ಡೇಟಾ ಸ್ಟ್ರಕ್ಚರ್, ಲೀನಿಯರ್ ಆಲ್ಜಿಬ್ರಾ, ಗ್ರಾಫಿಕ್ಸ್ ಇದ್ದರೆ ಅದು ಪ್ರೋಗ್ರಾಮಿಂಗ್ ಕೋರ್ಸ್. ಮಾಡೆಲಿಂಗ್, ರಿಗ್ಗಿಂಗ್ (ಮಾದರಿಗೆ ಚಲಿಸಬಲ್ಲ ಅಸ್ಥಿಪಂಜರ ಜೋಡಿಸುವುದು), ಅನಿಮೇಷನ್ ಇದ್ದರೆ ಕಲೆಯದ್ದು. ಎಲ್ಲದರಲ್ಲೂ ಒಂದೊಂದು ಸೆಮಿಸ್ಟರ್ ಮುಟ್ಟಿಸಿ ಬಿಡುವ ಕೋರ್ಸುಗಳೂ ಇವೆ. ಅಂಥವುಗಳಿಂದ ದೂರ ಇರುವುದೇ ವಾಸಿ, ಯಾವುದರಲ್ಲೂ ಕೈ ಪಳಗುವುದಿಲ್ಲ.

ಮೊದಲ ವರ್ಷದ ಗಣಿತ ಹಲವರನ್ನು ಕಂಗೆಡಿಸುತ್ತದೆ. ಆದರೆ ಅದರ ಉಪಯೋಗ ಬೇಗನೆ ಕಣ್ಣಿಗೆ ಬೀಳುತ್ತದೆ. ಆಟಗಾರ ಕಾವಲುಗಾರನ ಎದುರಿಗಿದ್ದಾನೋ ಬೆನ್ನ ಹಿಂದಿದ್ದಾನೋ ತಿಳಿಯಲು, ಕಾವಲುಗಾರ ನೋಡುತ್ತಿರುವ ದಿಕ್ಕು ಮತ್ತು ಅವನಿಂದ ಆಟಗಾರನತ್ತ ಇರುವ ದಿಕ್ಕು, ಈ ಎರಡು ವೆಕ್ಟರ್‌ಗಳ ಡಾಟ್ ಪ್ರಾಡಕ್ಟ್ (ಒಂದು ಬಗೆಯ ಗುಣಲಬ್ಧ) ಸಾಕು: ಉತ್ತರ ಧನವಾದರೆ ಎದುರು, ಋಣವಾದರೆ ಹಿಂದೆ.

ಅಧ್ಯಾಪಕರ ಗುಣಮಟ್ಟ ಗೊತ್ತಾಗುವುದು ಚಿಕ್ಕ ಜಾಗಗಳಲ್ಲಿ. ಪಾತ್ರವನ್ನು ಪ್ರತಿ ಫ್ರೇಮಿಗೆ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೆ) 0.1 ಯೂನಿಟ್ ಸರಿಸುವ ಕೋಡ್ ಬರೆದಿದ್ದೀರಿ ಎಂದುಕೊಳ್ಳಿ. ಸೆಕೆಂಡಿಗೆ 60 ಫ್ರೇಮ್ ಓಡುವ ಲ್ಯಾಬ್ ಕಂಪ್ಯೂಟರಿನಲ್ಲಿ ಅದು ಸೆಕೆಂಡಿಗೆ 6 ಯೂನಿಟ್ ನಡೆಯುತ್ತದೆ. 144 ಫ್ರೇಮ್ ಓಡುವ ಯಂತ್ರದಲ್ಲಿ ಅದೇ ಪಾತ್ರ 14.4 ಯೂನಿಟ್ ಓಡಿ ಗೋಡೆಗೆ ಗುದ್ದುತ್ತದೆ. ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಇಟ್ಟುಕೊಂಡು ಡೆಲ್ಟಾ ಟೈಮ್‌ನಿಂದ (ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ) ಗುಣಿಸಿದರೆ ಇದು ಸರಿಹೋಗುತ್ತದೆ, ಇಷ್ಟನ್ನು ಯಾವ ವಿಡಿಯೊ ಬೇಕಾದರೂ ಹೇಳುತ್ತದೆ. ಮೌಸ್‌ನ ಚಲನೆಯನ್ನು ಮಾತ್ರ ಹಾಗೆ ಗುಣಿಸಬಾರದು. ಹಿಂದಿನ ಫ್ರೇಮಿನಿಂದ ಮೌಸ್ ಎಷ್ಟು ಸರಿಯಿತು ಎಂಬುದೇ ಆ ಅಂಕಿ. ಮತ್ತೆ ಗುಣಿಸಿದರೆ ಫ್ರೇಮ್ ದರ ಏರಿಳಿದಂತೆಲ್ಲ ಕ್ಯಾಮೆರಾ ಎಳೆದಾಡುತ್ತದೆ. ಈ ಕಾರಣವನ್ನು ಬಿಡಿಸಿ ಹೇಳುವ ಮೇಷ್ಟ್ರು ಸಿಕ್ಕರೆ ಫೀಸು ಸಾರ್ಥಕ.

60 ಫ್ರೇಮ್ ಬೇಕಾದರೆ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 16.67 ಮಿಲಿಸೆಕೆಂಡ್. ಗುಂಡು ಹಾರಿಸಿದಾಗಲೆಲ್ಲ ಹೊಸ ಆಬ್ಜೆಕ್ಟ್ ಹುಟ್ಟಿಸಿ ಅಳಿಸುತ್ತಿದ್ದರೆ, ಯೂನಿಟಿ ಬಳಸುವ ಸಿ ಶಾರ್ಪ್ ಭಾಷೆಯ ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಮೆಮೊರಿಯನ್ನು ತೆರವು ಮಾಡುವ ವ್ಯವಸ್ಥೆ) ನಡುವೆ ಎದ್ದು ಆಟ ತಡವರಿಸುತ್ತದೆ. ಆಬ್ಜೆಕ್ಟ್ ಪೂಲ್, ಅಂದರೆ ಮೊದಲೇ ಮಾಡಿಟ್ಟ ಆಬ್ಜೆಕ್ಟ್‌ಗಳನ್ನೇ ಮತ್ತೆಮತ್ತೆ ಬಳಸುವುದು, ಇದಕ್ಕೆ ಮದ್ದು. ಆದರೆ ಪ್ರೊಫೈಲರ್ (ಯಾವ ಕೆಲಸಕ್ಕೆ ಎಷ್ಟು ಸಮಯ ಹೋಗುತ್ತಿದೆ ಎಂದು ತೋರಿಸುವ ಸಾಧನ) ತೆರೆದು ಫ್ರೇಮ್ ಸಮಯದ ಆ ಏರಿಕೆಯನ್ನು ಮೊದಲು ಕಣ್ಣಾರೆ ನೋಡುವುದನ್ನು ಕಲಿಸಬೇಕು.

ಪದವಿಯ ಜೀವ ಇರುವುದು ತಂಡದ ಪ್ರಾಜೆಕ್ಟ್‌ನಲ್ಲಿ. ಅದು ಹಾಳಾಗುವುದು ಹೆಚ್ಚಾಗಿ ಕೋಡ್‌ನಿಂದಲ್ಲ, ಫೈಲುಗಳಿಂದ. ಇಬ್ಬರು ಒಂದೇ ಸೀನ್ (ಆಟದ ಒಂದು ದೃಶ್ಯದ ಫೈಲ್) ತೆರೆದು ಬೇರೆಬೇರೆಯಾಗಿ ಉಳಿಸಿದರೆ ಯೂನಿಟಿಯಲ್ಲಿ ಮರ್ಜ್ ಮಾಡುವುದು, ಅಂದರೆ ಇಬ್ಬರ ಬದಲಾವಣೆಗಳನ್ನೂ ಬೆಸೆಯುವುದು, ತಲೆನೋವು. ಅನ್‌ರಿಯಲ್‌ನ ಮ್ಯಾಪ್ (ಅಲ್ಲಿನ ಸೀನ್) ಪಠ್ಯವಲ್ಲದ ಬೈನರಿ ಫೈಲಾದ್ದರಿಂದ ಗಿಟ್ (ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಅದನ್ನು ಮರ್ಜ್ ಮಾಡಲಾರದು, ಒಬ್ಬರ ಕೆಲಸ ಹೋದಂತೆಯೇ. ಹಾಗಾಗಿ ಫೈಲ್ ಲಾಕ್ ಮಾಡುವ ವ್ಯವಸ್ಥೆ ಬೇಕು, ಇಲ್ಲವೇ ಸೀನನ್ನು ಸಣ್ಣ ತುಂಡುಗಳಾಗಿ ಒಡೆದು ಹಂಚಿಕೊಳ್ಳಬೇಕು. ಯೂನಿಟಿ ತಾನೇ ಮತ್ತೆ ಹುಟ್ಟಿಸಿಕೊಳ್ಳುವ ಲೈಬ್ರರಿ ಫೋಲ್ಡರನ್ನು ಗಿಟ್‌ಗೆ ಸೇರಿಸಬಾರದು, ಪ್ರತಿ ಫೈಲಿನ ಗುರುತುಸಂಖ್ಯೆ ಹಿಡಿದಿಡುವ ಮೆಟಾ ಫೈಲುಗಳನ್ನು ಬಿಡಬಾರದು. ಅವನ್ನು ಬಿಟ್ಟರೆ ಗೆಳೆಯರ ಯಂತ್ರದಲ್ಲಿ ಹೊಸ ಗುರುತುಸಂಖ್ಯೆ ಹುಟ್ಟಿ, ಟೆಕ್ಸ್ಚರ್ ಮತ್ತು ಸ್ಕ್ರಿಪ್ಟುಗಳ ಕೊಂಡಿಗಳೆಲ್ಲ ಕಳಚುತ್ತವೆ. ಗಿಟ್ ಪ್ರಾಜೆಕ್ಟುಗಳನ್ನು ಇಡುವ ಜಾಲತಾಣ ಗಿಟ್‌ಹಬ್ 100 ಎಂಬಿ ಮೀರಿದ ಫೈಲನ್ನು ತಿರಸ್ಕರಿಸುತ್ತದೆ, ದೊಡ್ಡ ಫೈಲುಗಳಿಗೆ ಎಲ್‌ಎಫ್‌ಎಸ್ (ಅವನ್ನು ಬೇರೆಯಾಗಿ ಇಡುವ ಗಿಟ್‌ನ ವಿಸ್ತರಣೆ) ಮೊದಲ ದಿನವೇ ಹಾಕಿಕೊಳ್ಳಬೇಕು. ಇದನ್ನೆಲ್ಲ ಮೊದಲ ವರ್ಷದಲ್ಲೇ ಕಲಿಸದೆ ಕೊನೆಯ ವರ್ಷಕ್ಕೆ ತಳ್ಳುವ ಕೋರ್ಸ್ ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡುತ್ತಿದೆ.

ಆಟದ ಗಾತ್ರವೂ ಅಷ್ಟೇ ಮುಖ್ಯ. ಐದು ಜನರ ತಂಡ ಓಪನ್ ವರ್ಲ್ಡ್ (ಎಲ್ಲಿ ಬೇಕಾದರೂ ಅಲೆಯಬಲ್ಲ ವಿಶಾಲ ಲೋಕದ) ಆಟ ಮಾಡಹೊರಟರೆ ನಡುನೀರಿನಲ್ಲಿ ನಿಲ್ಲುತ್ತದೆ. ಆಡಲು ಹತ್ತು ನಿಮಿಷ ಸಾಕೆನ್ನುವಷ್ಟು ಚಿಕ್ಕದಾದ, ಮೆನು, ಸದ್ದು, ಸೇವ್ ಎಲ್ಲ ಇರುವ ಆಟ ಹೆಚ್ಚು ಕಲಿಸುತ್ತದೆ. ಮಲ್ಟಿಪ್ಲೇಯರ್ ಬೇಕಿದ್ದರೆ ಆರಂಭದಲ್ಲೇ ತೀರ್ಮಾನಿಸಬೇಕು. ಕೊನೆಗೆ ಸೇರಿಸಹೊರಟರೆ ಅರ್ಧಕ್ಕರ್ಧ ಕೋಡ್ ಮತ್ತೆ ಬರೆಯಬೇಕಾದೀತು.

ಒಂದೇ ಎಂಜಿನ್ನಿಗೆ ಕಟ್ಟಿಹಾಕುವ ಕೋರ್ಸ್ ಬೇಡ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲಿಗೆ ಶುಲ್ಕ ವಿಧಿಸುವುದಾಗಿ ಘೋಷಿಸಿತು, ಮರುವರ್ಷ ಅದನ್ನು ಕೈಬಿಟ್ಟಿತು. ನಡುವೆ ಹಲವರು ಗೊಡಾಟ್‌ನತ್ತ ಹೊರಳಿದರು. ಬುನಾದಿ ಗಟ್ಟಿಯಿದ್ದವರಿಗೆ ಈ ಬದಲಾವಣೆ ದೊಡ್ಡ ಕಷ್ಟವಲ್ಲ.

ಕೆಲಸಕ್ಕೆ ಹೋದಾಗ ಪ್ರಮಾಣಪತ್ರಕ್ಕಿಂತ ಮೊದಲು ಕೇಳುವುದು ಪೋರ್ಟ್‌ಫೋಲಿಯೊ. ಪ್ರತಿ ಆಟದ ಜೊತೆ ಯಾವ ಭಾಗ ನಿಮ್ಮದು ಎಂದು ಸ್ಪಷ್ಟವಾಗಿ ಬರೆದಿರಬೇಕು. ಪ್ರೋಗ್ರಾಮಿಂಗ್ ಶಾಖೆಯವರಿಗೆ ಬೇರೆ ಸಾಫ್ಟ್‌ವೇರ್ ಕೆಲಸಗಳೂ ತೆರೆದಿರುತ್ತವೆ, ಡಿಸೈನ್ ಮಾತ್ರ ಓದಿದವರಿಗೆ ದಾರಿ ಇನ್ನೂ ಇಕ್ಕಟ್ಟು.

ಫೀಸು ಕಟ್ಟುವ ಮುನ್ನ ಹಿಂದಿನ ಬ್ಯಾಚಿನ ಕೊನೆಯ ವರ್ಷದ ಆಟಗಳನ್ನು ಕೇಳಿ ಪಡೆಯಿರಿ. ಟ್ರೈಲರ್ ಸಾಲದು, ಇಳಿಸಿಕೊಂಡು ಆಡಬಲ್ಲ ಬಿಲ್ಡ್ ಬೇಕು. ಅದನ್ನು ನಿಮ್ಮ ಯಂತ್ರದಲ್ಲಿ ಹಾಕಿ, ಕಿಟಕಿಯ ಗಾತ್ರ ಬದಲಿಸಿ, ನಡುವೆ ಆಟವನ್ನು ತಡೆದು ನಿಲ್ಲಿಸಿ, ಕಂಟ್ರೋಲರ್ ಕಿತ್ತು ನೋಡಿ. ಆಮೇಲೆ ಅದನ್ನು ಮಾಡಿದ ವಿದ್ಯಾರ್ಥಿಗಳೊಂದಿಗೆ ಮಾತಾಡಿ: ತಂಡದಲ್ಲಿ ಒಬ್ಬರು ಕೆಲಸ ಮಾಡದೆ ಕೂತಾಗ ಅಂಕ ಹೇಗೆ ಹಂಚಿದರು, ಕೋಡನ್ನು ಅಧ್ಯಾಪಕರು ತೆರೆದು ಓದಿದರೋ ಅಥವಾ ಡೆಮೊ ನೋಡಿಯೇ ಅಂಕ ಕೊಟ್ಟರೋ ಎಂದು ಕೇಳಿ.