ಇಪ್ಪತ್ತೈದು ವರ್ಷದ ವಾರಂಟಿಯಲ್ಲಿ ನಿಜವಾಗಿ ಏನಿದೆ: ತಾರಸಿಯ ಸೌರಫಲಕಗಳೊಂದಿಗೆ ಎಂಟು ವರ್ಷ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ತಾರಸಿಯ ಮೇಲೆ 2017ರ ಅಕ್ಟೋಬರ್‌ನಲ್ಲಿ, ಆ ವರ್ಷದ ದಸರಾ ಮುಗಿದ ಕೆಲವೇ ದಿನಗಳಿಗೆ, ತಲಾ 325 ವ್ಯಾಟ್‌ನ ಹತ್ತು ಪಾಲಿಕ್ರಿಸ್ಟಲೈನ್ ಪ್ಯಾನೆಲ್‌ಗಳನ್ನು ಹಾಕಿಸಿದೆವು. ಒಟ್ಟು ಸಾಮರ್ಥ್ಯ 3.25 ಕಿಲೋವ್ಯಾಟ್. ಹಾಕಿಕೊಟ್ಟ ಏಜೆನ್ಸಿಯವರು ಬಾಯಿಮಾತಿನಲ್ಲಿ ಹೇಳಿದ್ದು ಒಂದೇ: "ಇಪ್ಪತ್ತೈದು ವರ್ಷ ವಾರಂಟಿ ಇದೆ ಸರ್, ನೀವು ಯೋಚನೆ ಮಾಡಬೇಡಿ." ಆ ಮಾತಿನ ಪೂರ್ಣ ಅರ್ಥ ನನಗೆ ತಿಳಿದದ್ದು ಏಳನೆಯ ವರ್ಷದಲ್ಲಿ, ಒಂದು ಪ್ಯಾನೆಲ್ ಕೆಟ್ಟಾಗ. ಈಗ ಹಾಕಿಸಲು ಹೊರಟವರು ಹಣ ಕೊಡುವ ಮೊದಲೇ ಅದನ್ನು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ವಾರಂಟಿ ಒಂದಲ್ಲ, ಎರಡು. ಮೊದಲನೆಯದು ವಸ್ತುವಿನ ವಾರಂಟಿ: ಗಾಜು, ಚೌಕಟ್ಟು, ಹಿಂಬದಿಯ ಹಾಳೆ, ಜಂಕ್ಷನ್ ಬಾಕ್ಸ್ ಇವುಗಳಲ್ಲಿ ತಯಾರಿಕೆಯ ದೋಷವಿದ್ದರೆ ಕಂಪನಿಯೇ ಸರಿಪಡಿಸಬೇಕು ಅಥವಾ ಬದಲಿಸಿಕೊಡಬೇಕು. ನಮ್ಮ ಪ್ಯಾನೆಲ್‌ಗಳಿಗೆ ಇದರ ಅವಧಿ ಹತ್ತು ವರ್ಷ. ಎರಡನೆಯದು ಸಾಮರ್ಥ್ಯದ ವಾರಂಟಿ, ಜಾಹೀರಾತಿನ ಇಪ್ಪತ್ತೈದು ವರ್ಷ ಎಂಬುದು ಇದಕ್ಕೆ ಸೇರಿದ್ದು. ನಮ್ಮ ವಾರಂಟಿ ಪತ್ರದ ಪ್ರಕಾರ ಮೊದಲ ವರ್ಷದ ಕೊನೆಗೆ ಪ್ಯಾನೆಲ್ ತನ್ನ ಹೆಸರಿನ ಸಾಮರ್ಥ್ಯದ ಶೇ. 97.5ರಷ್ಟನ್ನಾದರೂ ಕೊಡಬೇಕು, ಆಮೇಲೆ ವರ್ಷಕ್ಕೆ ಶೇ. 0.7ಕ್ಕಿಂತ ಹೆಚ್ಚು ಇಳಿಯಬಾರದು, ಇಪ್ಪತ್ತೈದನೆಯ ವರ್ಷದ ಕೊನೆಗೆ ಶೇ. 80.7 ಉಳಿದಿರಬೇಕು. ಈ ಲೆಕ್ಕದಲ್ಲಿ ಎಂಟು ವರ್ಷ ತುಂಬಿದ ನಮ್ಮ 325 ವ್ಯಾಟ್‌ನ ಪ್ಯಾನೆಲ್ ಇಂದು 301 ವ್ಯಾಟ್ ಕೊಟ್ಟರೆ ಕಂಪನಿ ತನ್ನ ಮಾತನ್ನು ಉಳಿಸಿಕೊಂಡಂತೆ.

ಇಲ್ಲಿ ಗಮನಿಸಬೇಕಾದದ್ದು, ಅವರು ಖಾತರಿ ಕೊಟ್ಟಿರುವುದು ವ್ಯಾಟ್‌ಗೆ, ನಾವು ಬಿಲ್‌ನಲ್ಲಿ ನೋಡುವ ಯೂನಿಟ್‌ಗೆ ಅಲ್ಲ. ಆ ವ್ಯಾಟನ್ನು ಅಳೆಯುವುದು ಪ್ರಯೋಗಾಲಯದ ಸ್ಥಿತಿಯಲ್ಲಿ: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಪ್ಯಾನೆಲ್ಲಿನೊಳಗಿನ ಕೋಶಗಳ ಉಷ್ಣತೆ 25 ಡಿಗ್ರಿ. ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ತಾರಸಿಯ ಮೇಲೆ ಅದೇ ಕೋಶಗಳು 60 ಡಿಗ್ರಿ ಮುಟ್ಟುತ್ತವೆ. ಇಂಥ ಪ್ಯಾನೆಲ್‌ಗಳು ಡಿಗ್ರಿಗೆ ಸುಮಾರು ಶೇ. 0.4ರಂತೆ ಸಾಮರ್ಥ್ಯ ಕಳೆದುಕೊಳ್ಳುವುದರಿಂದ 325ರ ಜಾಗದಲ್ಲಿ 280 ವ್ಯಾಟ್ ಸಿಕ್ಕರೆ ಅದು ದೋಷವಲ್ಲ, ಬಿಸಿಲಿನ ಸಹಜ ಗುಣ. ಇದು ಗೊತ್ತಿಲ್ಲದೆ ಮೊದಲ ಬೇಸಿಗೆಯಲ್ಲಿ, ಪ್ಯಾನೆಲ್ಲಿನ ಡಿ.ಸಿ. ವಿದ್ಯುತ್ತನ್ನು ಮನೆ ಬಳಕೆಯ ಎ.ಸಿ.ಗೆ ಬದಲಿಸುವ ಇನ್ವರ್ಟರ್ 2,750 ವ್ಯಾಟ್ ದಾಟುತ್ತಿಲ್ಲವೆಂದು ನಾನು ಏಜೆನ್ಸಿಗೆ ಮೂರು ಬಾರಿ ದೂರು ಕೊಟ್ಟಿದ್ದೆ.

ಯೂನಿಟ್‌ಗಳ ಲೆಕ್ಕವನ್ನು ಮೊದಲ ದಿನದಿಂದಲೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. 2018ರಲ್ಲಿ 4,520 ಯೂನಿಟ್ ಬಂದಿತ್ತು. ಕನ್ನಂಬಾಡಿ ಕಟ್ಟೆ ತುಂಬಿ ಹರಿದ 2022ರಲ್ಲಿ ಅದು 4,240ಕ್ಕೆ ಇಳಿದಾಗ ಪ್ಯಾನೆಲ್‌ಗಳು ಸೋತವೆಂದೇ ಭಾವಿಸಿದ್ದೆ. ಮರುವರ್ಷ ಬರ ಬಂತು, ಕಟ್ಟೆ ತುಂಬಲೇ ಇಲ್ಲ, ನಮ್ಮ ಯೂನಿಟ್ ಮಾತ್ರ 4,430ಕ್ಕೆ ಏರಿತು. ಒಂದು ವರ್ಷ ಹಳೆಯದಾದ ಪ್ಯಾನೆಲ್ ಹೆಚ್ಚು ಶಕ್ತಿವಂತವಾಗಲು ಸಾಧ್ಯವಿಲ್ಲ, ಹೆಚ್ಚಿದ್ದು ಬಿಸಿಲು. ವರ್ಷಕ್ಕೆ ಶೇ. 0.7ರ ಇಳಿಕೆಯನ್ನು ಒಂದು ಮಳೆಗಾಲ ಸುಲಭವಾಗಿ ಮುಚ್ಚಿಹಾಕುತ್ತದೆ ಎಂಬುದು ಆಗ ಅರ್ಥವಾಯಿತು. ಇದರ ಜೊತೆಗೆ ಪ್ಯಾನೆಲ್‌ನ ಮೇಲಿನ ದೂಳು, ಪಕ್ಕದ ಮನೆಯ ತೆಂಗಿನ ಗರಿಯ ನೆರಳು, ಕರೆಂಟು ಹೋದಾಗ ತಾನೂ ನಿಲ್ಲುವ ಇನ್ವರ್ಟರ್, ಇವೆಲ್ಲವೂ ಯೂನಿಟ್ಟನ್ನು ತಿನ್ನುತ್ತವೆ, ಮತ್ತು ಇವುಗಳಲ್ಲಿ ಒಂದಕ್ಕೂ ಪ್ಯಾನೆಲ್ ಕಂಪನಿ ಹೊಣೆಯಲ್ಲ. ಇನ್ವರ್ಟರಿಗೆ ಇದ್ದದ್ದು ಬೇರೆಯದೇ ಆದ ಐದು ವರ್ಷದ ವಾರಂಟಿ. ಅದು ಆರನೆಯ ವರ್ಷದ ಮೇ ತಿಂಗಳಲ್ಲಿ ಕೆಟ್ಟು, ರಿಪೇರಿ ಖರ್ಚು ಪೂರ್ತಿ ನಮ್ಮ ಮೇಲೆ ಬಿದ್ದಿತು.

2024ರ ಮಾರ್ಚ್‌ನಲ್ಲಿ ಎದುರಾದ ತೊಂದರೆ ಬೇರೆ ಬಗೆಯದು. ಅಳವಡಿಸಲು ಬಂದಿದ್ದ ಹುಡುಗನೊಬ್ಬ, ಯೂನಿಟ್ ಜೊತೆಗೆ ತಿಂಗಳಿಗೊಮ್ಮೆ ನಡುಮಧ್ಯಾಹ್ನ ಇನ್ವರ್ಟರ್ ಪರದೆಯ ಡಿ.ಸಿ. ವೋಲ್ಟೇಜನ್ನೂ ಬರೆದಿಡಿ ಎಂದು ಹೇಳಿಹೋಗಿದ್ದ. ಆ ಮಾತಿಗೆ ನಾನು ಇಂದಿಗೂ ಋಣಿ. ಪ್ರತಿ ಮಾರ್ಚ್‌ನಲ್ಲೂ 332ರಿಂದ 335ರ ನಡುವೆ ಇರುತ್ತಿದ್ದ ಅಂಕಿ ಆ ದಿನ 322 ತೋರಿಸಿತು. ಮರುದಿನವೂ ಅಷ್ಟೇ. ಪರಿಚಯದ ಎಲೆಕ್ಟ್ರಿಷಿಯನ್ ಬಂದು ಸಿಸ್ಟಮ್ ಆಫ್ ಮಾಡಿ, ಒಂದೊಂದೇ ಪ್ಯಾನೆಲ್‌ನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರು. ಒಂಬತ್ತು ಪ್ಯಾನೆಲ್‌ಗಳು 41 ವೋಲ್ಟ್‌ನ ಆಸುಪಾಸಿನಲ್ಲಿದ್ದವು, ಏಳನೆಯದು 27.4. ಸರಿಯಾಗಿ ಮೂರನೆಯ ಒಂದು ಪಾಲು ಕಾಣೆಯಾಗಿತ್ತು. ಪ್ಯಾನೆಲ್‌ನ ಹಿಂದಿರುವ ಜಂಕ್ಷನ್ ಬಾಕ್ಸಿನಲ್ಲಿ, ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಹಾಯಿಸುವ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ, ಒಂದೊಂದೂ ಮೂರನೆಯ ಒಂದು ಭಾಗದ ಕೋಶಗಳನ್ನು ಕಾಯುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆಗಿ ತನ್ನ ಪಾಲಿನ ಕೋಶಗಳನ್ನು ಪೂರ್ತಿ ಮೌನವಾಗಿಸಿತ್ತು. ಒಟ್ಟು ಸಾಮರ್ಥ್ಯದಲ್ಲಿ ಇದು ಶೇ. 3ರಷ್ಟು ನಷ್ಟ ಮಾತ್ರ, ಕೇವಲ ಬಿಲ್ ನೋಡಿಕೊಂಡಿದ್ದರೆ ಎಂದೂ ಗೊತ್ತಾಗುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಹಾಕಿಕೊಟ್ಟ ಏಜೆನ್ಸಿ ಬಾಗಿಲು ಮುಚ್ಚಿತ್ತು. ನೇರವಾಗಿ ತಯಾರಕ ಕಂಪನಿಗೆ ಪತ್ರ ಬರೆದೆ, ಬರೆಯುವಾಗ ಒಂದು ತಪ್ಪು ಮಾಡಿದೆ: "ನಿಮ್ಮ ಇಪ್ಪತ್ತೈದು ವರ್ಷದ ಸಾಮರ್ಥ್ಯದ ವಾರಂಟಿಯಂತೆ" ಎಂದು ಆರಂಭಿಸಿದೆ. ಉತ್ತರ ಬಂತು. ಪ್ಯಾನೆಲ್ಲನ್ನು ಇಳಿಸಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ನನ್ನ ಖರ್ಚಿನಲ್ಲಿ ಕಳುಹಿಸಿ, ವರದಿ ತರಬೇಕು, ಅಳತೆಯಲ್ಲಿ ಶೇ. 3ರ ಏರುಪೇರನ್ನು ಕಂಪನಿಯ ಪರವಾಗಿಯೇ ಎಣಿಸಲಾಗುವುದು. ಇಳಿಸುವ, ಸಾಗಿಸುವ, ಮತ್ತೆ ಕೂರಿಸುವ ವೆಚ್ಚ ಸೇರಿಲ್ಲ. ವಾರಂಟಿ ಪತ್ರವನ್ನು ತೆಗೆದು ನೋಡಿದರೆ ಇದೆಲ್ಲವೂ ಸಣ್ಣ ಅಕ್ಷರದಲ್ಲಿ ಮೊದಲೇ ಇತ್ತು. ಈ ಷರತ್ತುಗಳನ್ನು ಸಾಧಾರಣ ಸವೆತಕ್ಕೆ ಅನ್ವಯಿಸಿ ನೋಡಿ: ಇಂದು 301 ಇರಬೇಕಾದ ಪ್ಯಾನೆಲ್ 290 ಕೊಡುತ್ತಿದೆ ಎಂದು ಸಾಬೀತಾದರೂ ಕಂಪನಿ ಕೊಡಬೇಕಾದದ್ದು ಕೊರತೆ ಬಿದ್ದ 11 ವ್ಯಾಟ್‌ಗೆ ಪರಿಹಾರ ಮಾತ್ರ. ಈಗಿನ ದರದಲ್ಲಿ ಅದು ಕೆಲವು ನೂರು ರೂಪಾಯಿ, ಬೆಂಗಳೂರಿಗೆ ಪ್ಯಾನೆಲ್ ಸಾಗಿಸುವ ಬಾಡಿಗೆಗೂ ಸಾಲದು. ಮನೆ ಬಳಕೆದಾರನೊಬ್ಬ ಈ ವಾರಂಟಿಯನ್ನು ಚಲಾಯಿಸುವುದು ನಷ್ಟದ ಬಾಬತ್ತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮನ್ನು ಉಳಿಸಿದ್ದು ಹತ್ತು ವರ್ಷದ ವಸ್ತು ವಾರಂಟಿ. ಡಯೋಡ್ ಕೆಟ್ಟದ್ದು ಜಂಕ್ಷನ್ ಬಾಕ್ಸಿನ ದೋಷವೆಂದು ಎರಡನೆಯ ಪತ್ರದಲ್ಲಿ ಬರೆದು, ಹತ್ತೂ ಪ್ಯಾನೆಲ್‌ಗಳ ವೋಲ್ಟೇಜ್ ತೋರಿಸುವ ವಿಡಿಯೋ, ಸೀರಿಯಲ್ ನಂಬರಿನ ಫೋಟೋ, ಮೂಲ ಬಿಲ್ ಕಳುಹಿಸಿದಾಗ ಪ್ರಯೋಗಾಲಯದ ಮಾತೇ ಬರಲಿಲ್ಲ. ನಾಲ್ಕು ತಿಂಗಳು ಹಿಡಿಯಿತು ನಿಜ, ಆದರೆ ಬದಲಿ ಪ್ಯಾನೆಲ್ ಬಂತು. ಅದರಲ್ಲೂ ಅದೃಷ್ಟವಿತ್ತು: ಅದೇ ಅಳತೆಯ ಹಳೆಯ ಮಾದರಿಯೊಂದು ಅವರ ಗೋದಾಮಿನಲ್ಲಿ ಉಳಿದಿತ್ತು. ಈಗ ಮಾರುಕಟ್ಟೆಯಲ್ಲಿರುವ 540 ವ್ಯಾಟ್‌ನ ಪ್ಯಾನೆಲ್ 13 ಆಂಪಿಯರ್ ಹರಿಸುವಂಥದ್ದು, ನಮ್ಮವು 9ರೊಳಗೆ. ಸಾಲಿನಲ್ಲಿ ಜೋಡಿಸಿದಾಗ ಹಳೆಯವುಗಳ ಮಿತಿಯೇ ಹೊಸದನ್ನೂ ಕಟ್ಟಿಹಾಕುತ್ತದೆ, ಚೌಕಟ್ಟೂ ಹೊಂದುವುದಿಲ್ಲ. ಬದಲಿ ಬಂದ ಪ್ಯಾನೆಲ್‌ಗೆ ವಾರಂಟಿ ಹೊಸದಾಗಿ ಶುರುವಾಗುವುದಿಲ್ಲ, ಹಳೆಯದರ ಉಳಿಕೆ ಅವಧಿಯೇ ಮುಂದುವರಿಯುತ್ತದೆ. ಸಾಗಣೆ ಮತ್ತು ಕೂಲಿಗೆ ನಮ್ಮ ಕೈಯಿಂದ 3,200 ರೂಪಾಯಿ ಹೋಯಿತು.

ಯೂನಿಟ್‌ಗೇ ಖಾತರಿ ಕೊಡುವ ಪದ್ಧತಿ ಇಲ್ಲವೆಂದಲ್ಲ. ಮಂಡ್ಯದಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಭಾವನವರು 50 ಕಿಲೋವ್ಯಾಟ್ ಹಾಕಿಸಿದಾಗ, ವರ್ಷಕ್ಕೆ 70,000 ಯೂನಿಟ್ ಬರಬೇಕು, ಕಡಿಮೆ ಬಿದ್ದ ಪ್ರತಿ ಯೂನಿಟ್‌ಗೂ ಗಿರಣಿಯ ವಿದ್ಯುತ್ ದರದಂತೆ ಗುತ್ತಿಗೆದಾರರು ಹಣ ಕಟ್ಟಿಕೊಡಬೇಕು ಎಂದು ಕರಾರು ಮಾಡಿಕೊಂಡರು. ಬಿಸಿಲನ್ನು ಅಳೆಯುವ ಸಂವೇದಕ ಚಾವಣಿಯ ಮೇಲೇ ಇದೆ, ಮೋಡದ ವರ್ಷದಲ್ಲಿ ಗುರಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ತೌಡಿನ ದೂಳು ಕೂರುವ ಜಾಗವಾದ್ದರಿಂದ ತಿಂಗಳಿಗೆ ಎರಡು ಬಾರಿ ತೊಳೆಸುವುದು ಭಾವನವರ ಹೊಣೆ. ಈ ಖಾತರಿಯನ್ನು ಕೊಟ್ಟವರು ಅಳವಡಿಸಿದವರು, ಪ್ಯಾನೆಲ್ ತಯಾರಿಸಿದವರಲ್ಲ. ಮನೆಗಳಿಗೆ ಇಂಥ ಕರಾರನ್ನು ತಾವಾಗಿ ಮುಂದಿಡುವ ಏಜೆನ್ಸಿಯನ್ನು ನಾನು ಕಂಡಿಲ್ಲ, ಆದರೂ ಕೇಳುವುದು ನಮ್ಮ ಹಕ್ಕು.

ಈಗ ಹಾಕಿಸುವವರಿಗೆ 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಹೊಸ ಎನ್-ಟೈಪ್ ಪ್ಯಾನೆಲ್‌ಗಳಲ್ಲಿ ಮೊದಲ ವರ್ಷ ಶೇ. 1, ಆಮೇಲೆ ವರ್ಷಕ್ಕೆ ಶೇ. 0.4, ಮೂವತ್ತು ವರ್ಷದ ಕೊನೆಗೆ ಶೇ. 87.4 ಎಂಬ ಖಾತರಿಯೂ ಸಿಗುತ್ತಿದೆ. ಅಂಕಿ ಆಕರ್ಷಕ. ಆದರೂ ಎರಡು ಪ್ಯಾನೆಲ್‌ಗಳ ನಡುವೆ ಆಯ್ಕೆ ಮಾಡುವಾಗ ನಾನಾದರೆ ಮೂವತ್ತು ವರ್ಷದ ಶೇಕಡಾವಾರಿಗಿಂತ ವಸ್ತು ವಾರಂಟಿ ಹನ್ನೆರಡು ವರ್ಷವೋ ಇಪ್ಪತ್ತೈದೋ ಎಂಬುದನ್ನು ಮೊದಲು ನೋಡುತ್ತೇನೆ, ಮತ್ತು ಪ್ರತಿ ಪ್ಯಾನೆಲ್ಲಿನ ಕಾರ್ಖಾನೆಯ ಪರೀಕ್ಷಾ ವರದಿಯನ್ನು ಸೀರಿಯಲ್ ನಂಬರ್ ಸಮೇತ ಕೇಳಿ ಪಡೆಯುತ್ತೇನೆ. ಮೊದಲ ಎರಡು ವರ್ಷ ಬೋರ್‌ವೆಲ್ ನೀರಿನಲ್ಲಿ ತೊಳೆದು ಕೆಳ ಅಂಚಿನಲ್ಲಿ ಬಿಳಿ ಸುಣ್ಣದ ಪಟ್ಟೆ ಕಟ್ಟಿಸಿಕೊಂಡವನಾಗಿ, ಕಾವೇರಿ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿರೆಂದೂ ಹೇಳುತ್ತೇನೆ.

ಪ್ಯಾನೆಲ್‌ಗಳ ಬಗ್ಗೆ ನನಗೆ ತೃಪ್ತಿಯಿದೆ, ಎಂಟು ವರ್ಷದಲ್ಲಿ ಹತ್ತರಲ್ಲಿ ಒಂದಷ್ಟೇ ಕೆಟ್ಟಿದೆ. ನಮ್ಮ ವಸ್ತು ವಾರಂಟಿ 2027ರ ಅಕ್ಟೋಬರ್‌ಗೆ ಮುಗಿಯುತ್ತದೆ. ಆ ವರ್ಷದ ಬೇಸಿಗೆಯಲ್ಲೇ ಎಲೆಕ್ಟ್ರಿಷಿಯನ್‌ರನ್ನು ಮತ್ತೆ ಕರೆಸಿ ಹತ್ತೂ ಪ್ಯಾನೆಲ್‌ಗಳ ಕನೆಕ್ಟರ್ ಬಿಚ್ಚಿ ಅಳೆಸುವುದೆಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.